ವಿಮಾನದ ಹೊತ್ತು, ಮಳೆಯ ಹೊತ್ತು

(ಬೀದರ್ ಜಿಲ್ಲೆಯ ಹುಮನಾಬಾದ್ ಬಳಿಯ ದುಬಲಗುಂಡಿಯಲ್ಲಿ ರೈತರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ. ಬಯಲುಸೀಮೆಯಲ್ಲಿ ಆಡಿದ ಮಾತಾದರೂ ಘಟ್ಟದ ಮೇಲಿನ ನಮ್ಮ ಓದುಗರಿಗೂ ಸಲ್ಲುವಂಥದು.)



ತೊಗರಿಯ ಸೊರಗು ರೋಗದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆಸಿದ್ದೀರಿ. ಆ ಕೆಲಸವನ್ನು ಬೆಳಿಗ್ಗೆ ಹೊಲದಲ್ಲಿಯೇ ಮುಗಿಸಿದ್ದೇವೆ. ಗಿಡ ಕಿತ್ತು, ಕಾಂಡ ಸೀಳಿ, ಒಳಗಿನ ಕಪ್ಪು ಗೆರೆಯನ್ನು ಎಲ್ಲರೂ ನೋಡಿದ್ದಾಗಿದೆ. ಅದೇ ಹೊತ್ತಿನಲ್ಲಿ ಬೀದರ್ ವಾಯುನೆಲೆಯ ತರಬೇತಿ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ನಿಮಗೆ ಅದು ನಿತ್ಯದ ಸದ್ದು, ನೀವು ಯಾರೂ ತಲೆ ಎತ್ತಲಿಲ್ಲ. ಒಬ್ಬ ಹುಡುಗ ಮಾತ್ರ ಎತ್ತಿದ. ಎತ್ತಿ ನನ್ನನ್ನು ಕೇಳಿದ: "ಸರ್, ಬೆಂಗಳೂರಿಂದ ಅಮೆರಿಕಾಕ್ಕ ಎಷ್ಟ್ ದೂರ ಆಗ್ತದ್ರಿ? ಎಷ್ಟ್ ತಾಸ್ ಹತ್ತತಾವ್ರಿ?" ಸೊರಗು ರೋಗಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಇದಕ್ಕೆ ಇರಲಿಲ್ಲ. ಸಂಜೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಆದ್ದರಿಂದ ಇಂದಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಬೇಕು.

ಚುಟುಕು ಉತ್ತರ ಮೊದಲು. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ನೇರ ವಾಯುದೂರ 13,993 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಇದನ್ನು ಮೊದಲ ಬಾರಿಗೆ ಎಲ್ಲಿಯೂ ಇಳಿಯದೆ ಕ್ರಮಿಸಿತು. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದವರು ಪೂರ್ತಿ ಮಹಿಳಾ ಪೈಲಟ್‌ಗಳೇ ಎಂಬುದನ್ನು ಇಲ್ಲಿರುವ ಹೆಣ್ಣುಮಕ್ಕಳು ನೆನಪಿಟ್ಟುಕೊಳ್ಳಿ. ಹೊತ್ತು ಹದಿನೇಳು ಗಂಟೆಗೂ ಮೇಲೆ.

ಆದರೆ ಈ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಎಂದೂ ಬದಲಾಗದು, ಎರಡನೆಯದು ದಿನವೂ ಬದಲಾಗುತ್ತದೆ. ಅದೇ ವಿಮಾನ, ಅದೇ ಎರಡು ಊರು, ಅದೇ ಇಂಧನ. ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು. ಜನವರಿಯಲ್ಲಿ ಒಂದು, ಜುಲೈನಲ್ಲಿ ಇನ್ನೊಂದು. ಅದನ್ನು ಬದಲಿಸುವುದು ಯಾವುದೋ, ಅದೇ ನಿಮ್ಮ ಮಿರಗದ ಮಳೆಯ ಹೊತ್ತನ್ನೂ ನಿರ್ಧರಿಸುತ್ತದೆ. ಕೃಷಿ ವಿಜ್ಞಾನಿಯಾದವನು ವಿಮಾನದ ಬಗ್ಗೆ ಮಾತನಾಡಲು ನನಗಿರುವ ಅಧಿಕಾರ ಇಷ್ಟೇ.

ಮೊದಲು ದೂರದ ವಿಚಾರ. ಈ ಮೇಜಿನ ಮೇಲೆ ಒಂದು ಕುಂಬಳಕಾಯಿ ಇಟ್ಟಿದ್ದೇನೆ. ನಿಮ್ಮ ಶಾಲೆಯ ಭೂಗೋಳ ಮುರಿದಿದೆ ಎಂದು ಮೇಷ್ಟರು ಹೇಳಿದರು. ತೊಟ್ಟಿನ ಕಡೆ ಉತ್ತರ ಧ್ರುವ ಎಂದುಕೊಳ್ಳಿ. ಈ ಸುಣ್ಣದ ಚುಕ್ಕೆ ಬೆಂಗಳೂರು, ಹಿಂಬದಿಯ ಈ ಚುಕ್ಕೆ ಸ್ಯಾನ್ ಫ್ರಾನ್ಸಿಸ್ಕೋ. ಗೋಡೆಯ ನಕಾಶೆ ನೋಡಿದವರು ವಿಮಾನ ಸೀದಾ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಅಡ್ಡಲಾಗಿ ಹೋಗಬೇಕು ಎನ್ನುತ್ತಾರೆ. ಈಗ ದಾರವನ್ನು ಎರಡೂ ಚುಕ್ಕೆಗಳ ನಡುವೆ ಬಿಗಿಯಾಗಿ ಎಳೆಯೋಣ. ನೋಡಿ, ದಾರ ತಾನಾಗಿಯೇ ತೊಟ್ಟಿನ ಕಡೆಗೆ ಜಾರಿತು. ದುಂಡಗಿನ ವಸ್ತುವಿನ ಮೇಲೆ ಎರಡು ಬಿಂದುಗಳ ನಡುವಣ ಅತಿ ಚಿಕ್ಕ ದಾರಿ ಇದು. ಗಣಿತದಲ್ಲಿ ಇದಕ್ಕೆ ಮಹಾವೃತ್ತದ ಕಂಸ ಎನ್ನುತ್ತಾರೆ. ಲೆಕ್ಕ ಮಾಡಿದರೆ ಈ ದಾರ ಬೆಂಗಳೂರಿನಿಂದ ಹೊರಟು ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾಗಳನ್ನು ದಾಟಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ವಿದ್ಯಾರ್ಥಿಗಳು ಮನೆಯಲ್ಲಿ ಇದನ್ನು ಮಾಡಿ ನೋಡಬಹುದು. ಕುಂಬಳಕಾಯಿ ಆಮೇಲೆ ಸಾರಿಗಾಗುತ್ತದೆ, ನಷ್ಟವಿಲ್ಲ.

ದಾರದ ಈ ಅಳತೆ ಬರಿಯ ಪಾಠದ ವಿಷಯವಲ್ಲ. ನಿಮ್ಮ ಜಿಲ್ಲೆಯ ಹಣೆಬರಹವನ್ನೇ ಅದು ಒಮ್ಮೆ ಬರೆದಿತ್ತು. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ 2008ರ ಮಾರ್ಚಿನಲ್ಲಿ ತೆರೆಯಿತು. ಅದಕ್ಕೆ ಮೊದಲು ಆದ ಒಪ್ಪಂದದಲ್ಲಿ, ಇಪ್ಪತ್ತೈದು ವರ್ಷ ಕಾಲ 150 ಕಿಲೋಮೀಟರ್ ವಾಯುದೂರದೊಳಗೆ ಬೇರೆ ನಾಗರಿಕ ವಿಮಾನ ನಿಲ್ದಾಣ ಬರಬಾರದೆಂಬ ಷರತ್ತಿತ್ತು. ಬೀದರಿನಿಂದ ಶಂಷಾಬಾದಿಗೆ ದಾರ ಎಳೆದರೆ ಸುಮಾರು 125 ಕಿಲೋಮೀಟರ್. ಯುದ್ಧವಿಮಾನದ ಚಾಲಕರಿಗೆ ತರಬೇತಿ ಕೊಡುವ ಓಡುದಾರಿ ಊರಿನಲ್ಲಿಯೇ ಇದ್ದರೂ, ಸೂರ್ಯಕಿರಣ ತಂಡದವರು ಅಲ್ಲಿಂದಲೇ ಏರಿ ಆಕಾಶದಲ್ಲಿ ರಂಗೋಲಿ ಬಿಡಿಸುತ್ತಿದ್ದರೂ, ಬೀದರಿನ ಪ್ರಯಾಣಿಕರು ಆ ಇಪ್ಪತ್ತೈದು ಕಿಲೋಮೀಟರ್ ಕೊರತೆಗಾಗಿ ವರ್ಷಗಟ್ಟಲೆ ಕಾದರು. ಕೊನೆಗೆ ಒಪ್ಪಿಗೆ ದೊರೆತು 2020ರ ಫೆಬ್ರುವರಿ 7ರಂದು ನಾಗರಿಕ ವಿಮಾನ ಹಾರಿತು. ಅನಂತರ ನಿಂತಿತು, 2022ರಲ್ಲಿ ಮತ್ತೆ ಬಂತು, 2023ರ ಕೊನೆಯಲ್ಲಿ ಮತ್ತೆ ನಿಂತಿತು, 2025ರ ಏಪ್ರಿಲಿನಲ್ಲಿ ಮತ್ತೆ ಆರಂಭವಾಯಿತು. ಬೀದರಿನಿಂದ ದೇವನಹಳ್ಳಿಗೆ ದಾರದ ದೂರ ಸುಮಾರು 520 ಕಿಲೋಮೀಟರ್, ಆಕಾಶದಲ್ಲಿ ಒಂದು ಗಂಟೆಯ ಚಿಲ್ಲರೆ. ಆದರೆ ವಿಮಾನವೇ ಇಲ್ಲದ ತಿಂಗಳುಗಳಲ್ಲಿ ಆ ಒಂದು ಗಂಟೆ ಒಂದು ಇಡೀ ರಾತ್ರಿಯಾಗುತ್ತಿತ್ತು. ಹುಮನಾಬಾದಿನ ಮೇಲೆ ಹಾಯುವ ಬೀದರ್–ಕಲಬುರಗಿ ರೈಲುಮಾರ್ಗಕ್ಕಾಗಿಯೂ ನೀವು ಇಂಥದೇ ದೀರ್ಘ ಕಾಯುವಿಕೆ ಕಾದವರು. ಅದು ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. ದೂರವನ್ನು ಭೂಮಿ ನಿರ್ಧರಿಸುತ್ತದೆ, ಹೊತ್ತನ್ನು ಮನುಷ್ಯರ ಕಾಗದಪತ್ರಗಳೂ ನಿರ್ಧರಿಸುತ್ತವೆ ಎಂಬುದು ನಿಮಗೆ ನಾನು ಕಲಿಸಬೇಕಾದ ಪಾಠವೇನಲ್ಲ.

ದೊಡ್ಡ ವಿಮಾನಗಳಿಗೂ ಇದು ತಪ್ಪಿದ್ದಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದಿಲ್ಲಿಯಿಂದ ಯೂರೋಪು, ಅಮೆರಿಕಗಳಿಗೆ ಹೊರಟ ನಮ್ಮ ವಿಮಾನಗಳು ದಕ್ಷಿಣಕ್ಕೆ ಇಳಿದು ಅರಬ್ಬೀ ಸಮುದ್ರದ ಮೇಲೆ ಬಳಸಿ ಹೋಗಬೇಕಾಯಿತು. ನಿಲ್ಲದೆ ಹೋಗುತ್ತಿದ್ದ ಕೆಲವು ವಿಮಾನಗಳು ನಡುವೆ ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡವು. ಎರಡು ನಿಲ್ದಾಣಗಳೂ ಇದ್ದಲ್ಲಿಯೇ ಇದ್ದವು. ದಾರ ಮಾತ್ರ ಉದ್ದವಾಯಿತು.

ಈಗ ಟಿಬೆಟ್ಟಿನ ಮಾತು. ದಾರ ಟಿಬೆಟ್ಟಿನ ಮೇಲೆ ಹೋಗುತ್ತದೆಂದೆನಲ್ಲ, ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ ಅಲ್ಲಿ ಹೋಗುವುದಿಲ್ಲ. ಕಾರಣ ಸರಳವಾದದ್ದು. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ವಿಮಾನದ ಒಳಗಿನ ಗಾಳಿಯ ಒತ್ತಡ ಏನೋ ಕೆಟ್ಟು ಇಳಿದುಹೋದರೆ ಚಾಲಕ ಕೂಡಲೇ ಮೂರು ಕಿಲೋಮೀಟರ್ ಎತ್ತರಕ್ಕೆ, ಅಂದರೆ ಮನುಷ್ಯ ಉಸಿರಾಡಬಹುದಾದ ಗಾಳಿಗೆ, ಇಳಿಯಬೇಕು. ಟಿಬೆಟ್ಟಿನಲ್ಲಿ ನೆಲವೇ ನಾಲ್ಕೂವರೆ ಕಿಲೋಮೀಟರಿಗಿಂತ ಎತ್ತರ. ಇಳಿಯಲು ಜಾಗವೇ ಇಲ್ಲ.

ಆದರೆ ಆ ದಾರಿಯಲ್ಲಿ ಹಾರುವವರು ಬೇರೆ ಇದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು; 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು. ಮಂಗೋಲಿಯಾ, ಟಿಬೆಟ್ಟಿನ ಕಡೆ ಮೊಟ್ಟೆಯಿಟ್ಟು ಮರಿಮಾಡುವ ಈ ಹಕ್ಕಿ ಹಿಮಾಲಯವನ್ನು ದಾಟಿ ನಮ್ಮ ನಾಡಿಗೆ ಬರುತ್ತದೆ. ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಅಳೆದವರು 2013ರಲ್ಲಿ ಪ್ರಕಟಿಸಿದಂತೆ, ಒಂದು ಹಕ್ಕಿ 7,290 ಮೀಟರ್ ಎತ್ತರ ಮುಟ್ಟಿತ್ತು. ಉಳಿದಂತೆ ಅವು ಸಾಧ್ಯವಾದಷ್ಟೂ ಕಣಿವೆಗಳನ್ನು ಹಿಡಿದು, ಆದಷ್ಟು ತಗ್ಗಿನಲ್ಲಿಯೇ ಹಾರುತ್ತವೆ. ಹೆಚ್ಚಾಗಿ ರಾತ್ರಿ ಮತ್ತು ಬೆಳಗಿನ ಜಾವ ಹೊರಡುತ್ತವೆ. ತಂಪುಗಾಳಿ ದಟ್ಟವಾಗಿರುತ್ತದೆ, ರೆಕ್ಕೆಗೆ ಹಿಡಿತ ಸಿಗುತ್ತದೆ. ಬೆನ್ನಗಾಳಿಗೆ ಆಸೆಪಟ್ಟು ಕೂರುವುದಕ್ಕಿಂತ ಗಾಳಿ ಶಾಂತವಾಗಿರುವ ಹೊತ್ತನ್ನು ನೋಡಿಕೊಂಡು ಹೊರಡುತ್ತವೆ ಎಂಬುದು ಸಂಶೋಧಕರನ್ನು ಚಕಿತಗೊಳಿಸಿದ ಸಂಗತಿ. ನಮ್ಮ ಹಿರಿಯರು ಬಂಡಿ ಕಟ್ಟುತ್ತಿದ್ದ ಹೊತ್ತೂ ಅದೇ ಅಲ್ಲವೇ.

ಮನುಷ್ಯನ ವಿಮಾನಕ್ಕೆ ಹಾಗೆ ಕಾಯುವ ಸೌಕರ್ಯವಿಲ್ಲ. ಅದು ಗಾಳಿಯ ನದಿಗೇ ಇಳಿಯುತ್ತದೆ. ಈ ನದಿಯ ಹೆಸರು ಜೆಟ್ ಪ್ರವಾಹ. ನೆಲದಿಂದ ಸುಮಾರು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಕೆಲವು ನೂರು ಕಿಲೋಮೀಟರ್ ಅಗಲವಾಗಿ, ಪಶ್ಚಿಮದಿಂದ ಪೂರ್ವಕ್ಕೆ ಗಂಟೆಗೆ ಇನ್ನೂರು, ಕೆಲವೊಮ್ಮೆ ಮುನ್ನೂರು ಕಿಲೋಮೀಟರಿಗೂ ಮೀರಿ ಬೀಸುವ ಗಾಳಿ. ಭೂಮಧ್ಯದ ಬಿಸಿಗೂ ಧ್ರುವದ ತಂಪಿಗೂ ಇರುವ ವ್ಯತ್ಯಾಸದಿಂದ ಅದು ಹುಟ್ಟುತ್ತದೆ, ಭೂಮಿ ತಿರುಗುವುದರಿಂದ ಪೂರ್ವಕ್ಕೆ ಬಾಗುತ್ತದೆ.

ಇದನ್ನು ಮೊದಲು ವ್ಯವಸ್ಥಿತವಾಗಿ ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಯಿಶಿ. 1920ರ ದಶಕದಲ್ಲಿ ಅವರು ಬಲೂನುಗಳನ್ನು ಹಾರಿಬಿಟ್ಟು, ಅವು ಹೋದ ದಾರಿಯನ್ನು ದೂರದರ್ಶಕದಲ್ಲಿ ಹಿಂಬಾಲಿಸಿ, ಮೇಲಿನ ಗಾಳಿಯ ಭಾರೀ ವೇಗವನ್ನು ಕಂಡುಕೊಂಡರು. ಜಗತ್ತಿಗೆಲ್ಲ ತಿಳಿಯಲೆಂದು ಎಸ್ಪೆರಾಂಟೋ ಎಂಬ ಹೊಸದಾಗಿ ಕಟ್ಟಿದ ಭಾಷೆಯಲ್ಲಿ 1926ರಲ್ಲಿ ವರದಿ ಪ್ರಕಟಿಸಿದರು. ಜಗತ್ತಿನ ಭಾಷೆಯಾಗಲಿ ಎಂದು ಕಟ್ಟಿದ ಆ ಭಾಷೆಯನ್ನು ಜಗತ್ತು ಓದುತ್ತಿರಲಿಲ್ಲ. 1944ರಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರುಗಳು ಎದುರುಗಾಳಿಗೆ ಸಿಕ್ಕಿ ಬಹುತೇಕ ನಿಂತಂತಾದಾಗಷ್ಟೇ ಉಳಿದವರಿಗೆ ಅದು ಅರಿವಾಯಿತು. ಕನ್ನಡದಲ್ಲಿ ವಿಜ್ಞಾನ ಬರೆಯುವ ನನ್ನಂಥವರಿಗೆ ಓಯಿಶಿಯವರ ಬಗ್ಗೆ ಒಂದು ಬಗೆಯ ಬಂಧುಭಾವ.

ಇನ್ನು ಹೊತ್ತಿನ ಲೆಕ್ಕ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. ಇದು ನೆಲದ ಲೆಕ್ಕದ ವೇಗವಲ್ಲ, ಸುತ್ತಲಿನ ಗಾಳಿಯ ಲೆಕ್ಕದ ವೇಗ. ಹೊಳೆಯಲ್ಲಿ ದೋಣಿಯಂತೆ. ನೀರಿನ ಜೊತೆ ಹೋದರೆ ನೀರಿನ ವೇಗ ಕೂಡುತ್ತದೆ, ಎದುರು ಹೋದರೆ ಕಳೆಯುತ್ತದೆ. ಗಾಳಿಯೇ ಇಲ್ಲದಿದ್ದರೆ 13,993 ಕಿಲೋಮೀಟರಿಗೆ ಹದಿನೈದೂವರೆ ಗಂಟೆ ಸಾಕು. ಇರುವುದರಿಂದಲೇ ಹೆಚ್ಚು ಕಡಿಮೆ. 2020ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಸಿಯಾರಾ ಎಂಬ ಬಿರುಗಾಳಿ ಎದ್ದಾಗ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ತಲುಪಿತು; ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಎದುರು ದಿಕ್ಕಿನಲ್ಲಿ, ಲಂಡನ್ನಿನಿಂದ ನ್ಯೂಯಾರ್ಕಿಗೆ, ಸಾಮಾನ್ಯ ದಿನದಲ್ಲೂ ಏಳೆಂಟು ಗಂಟೆ ಬೇಕು. ಹೀಗಾಗಿ ಚಾಲಕರು ದಾರ ಎಳೆದ ದಾರಿಯಲ್ಲಿ ಹೋಗುವುದಿಲ್ಲ, ಅಂದಿನ ಗಾಳಿ ಹೇಳಿದ ದಾರಿಯಲ್ಲಿ ಹೋಗುತ್ತಾರೆ. 2021ರ ಆ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದದ್ದು 71 ಡಿಗ್ರಿಯ ಕಂಸದಲ್ಲಲ್ಲ, ಉತ್ತರ ಧ್ರುವದ ಮೇಲಿಂದಲೇ. ವೇಳಾಪಟ್ಟಿಯ ಪ್ರಕಾರ ಜನವರಿ 9ರ ರಾತ್ರಿ ಎಂಟೂವರೆಗೆ ಹೊರಟು 11ರ ಬೆಳಗಿನ ಜಾವ ಮೂರೂ ಮುಕ್ಕಾಲಿಗೆ ಇಳಿಯಬೇಕು. ಎರಡು ಊರುಗಳ ಗಡಿಯಾರಗಳ ನಡುವೆ ಹದಿಮೂರೂವರೆ ಗಂಟೆ ಅಂತರವಿದೆ. ಹಾಗಾದರೆ ಆಕಾಶದಲ್ಲಿ ಕಳೆಯುವ ಹೊತ್ತು ಎಷ್ಟು? ವಿದ್ಯಾರ್ಥಿಗಳು ಕಳೆದು ನೋಡಿ. ಉತ್ತರ ಹದಿನೇಳೂ ಮುಕ್ಕಾಲು.

ಈ ಹದಿನೇಳೂ ಮುಕ್ಕಾಲು ಗಂಟೆಯ ಬಗ್ಗೆ ನನಗೊಂದು ಸ್ವಂತ ಲೆಕ್ಕವಿದೆ. ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಊರು ನಿಮ್ಮದೇ ಆದ್ದರಿಂದ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಇದೇ ದುಬಲಗುಂಡಿಯ ಹೊಲಗಳಲ್ಲಿ ತೊಗರಿಯ ಪ್ರಯೋಗ ನೋಡುತ್ತಿದ್ದಾಗ ಶಿರಸಿ ಸೀಮೆಯ ನನ್ನ ಮನೆಯಿಂದ ದೂರವಾಣಿ ಬಂತು. ತಂದೆಯವರಿಗೆ ಜೋರಾಗಿದೆ, ಹೊರಟು ಬಾ. ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋ ಬಳಿ ಇರುವ ನನ್ನ ತಮ್ಮನಿಗೂ ಕರೆ ಹೋಗಿತ್ತು. ಹುಮನಾಬಾದಿನಿಂದ ಶಿರಸಿಗೆ ದಾರದ ದೂರ ಸುಮಾರು 425 ಕಿಲೋಮೀಟರ್. ನೆಲದ ಮೇಲೆ ಐನೂರು ದಾಟುತ್ತದೆ. ಕಲಬುರಗಿಯಲ್ಲಿ ಒಂದು ಬಸ್ಸು, ವಿಜಯಪುರದಲ್ಲಿ ಇನ್ನೊಂದು, ನಸುಕಿನಲ್ಲಿ ಹುಬ್ಬಳ್ಳಿಯಲ್ಲಿ ಮತ್ತೊಂದು. ಮನೆಯ ದಣಪೆ ತೆಗೆಯುವಾಗ ಹೊರಟು ಹದಿನಾರು ಗಂಟೆ ಕಳೆದಿತ್ತು. ತಂದೆ ನನ್ನನ್ನು ಗುರುತಿಸಿದರು. ತೊಗರಿ ಹೂ ಬಿಟ್ಟಿದೆಯೇ ಎಂದು ಕೇಳಿದರು. ತಮ್ಮನಿಗೆ ಟಿಕೆಟ್ ಸಿಕ್ಕಿದ್ದು ಮರುದಿನದ ವಿಮಾನಕ್ಕೆ. ಅವನು ಆಕಾಶದಲ್ಲಿದ್ದಾಗ ತಂದೆ ತೀರಿಕೊಂಡರು. ದೇವನಹಳ್ಳಿಯಲ್ಲಿ ಇಳಿದು ದೂರವಾಣಿ ತೆರೆದ ಮೇಲೆ ಅವನಿಗೆ ಗೊತ್ತಾಯಿತು, ಅಲ್ಲಿಂದ ಶಿರಸಿಗೆ ಇನ್ನೂ ಎಂಟು ತಾಸಿನ ಕಾರಿನ ದಾರಿ.

ಅವನು ನನ್ನ ಮೂವತ್ತರಷ್ಟು ದೂರವನ್ನು ನಾನು ಬಸ್ಸಿನಲ್ಲಿ ಕಳೆದಷ್ಟೇ ಹೊತ್ತಿನಲ್ಲಿ ಹಾರಿದ್ದ. ಆದರೂ ಕರೆಯಿಂದ ಹೊಸ್ತಿಲವರೆಗಿನ ಅವನ ಹೊತ್ತು ಐವತ್ತು ಗಂಟೆಯ ಹತ್ತಿರ. ಟಿಕೆಟ್ಟಿನ ಮೇಲೆ ಅಚ್ಚಾಗುವುದು ನಡುವಿನ ಹದಿನೇಳು ಗಂಟೆ ಮಾತ್ರ. ಎರಡು ವಿಮಾನ ನಿಲ್ದಾಣಗಳ ನಡುವಿನ ಹೊತ್ತು ಎರಡು ಮನೆಗಳ ನಡುವಿನ ಹೊತ್ತಲ್ಲ. ಹೊರದೇಶಕ್ಕೆ ಹೋಗಬೇಕೆನ್ನುವ ಹುಡುಗರಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ನನ್ನ ತಮ್ಮ ಹೋದದ್ದರಿಂದಲೇ ನಮ್ಮ ಮನೆಯ ಸಾಲ ತೀರಿತು. ಹೊರಡುವಾಗ ಯಾವ ಲೆಕ್ಕ ಹಿಡಿಯಬೇಕೆಂಬುದು ಗೊತ್ತಿರಲಿ, ಅಷ್ಟೇ. ನಿಮ್ಮ ನೆರೆಯ ಕಲ್ಯಾಣಕ್ಕೆ ಹನ್ನೆರಡನೆಯ ಶತಮಾನದಲ್ಲಿ ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದನೆಂದು ಪರಂಪರೆ ಹೇಳುತ್ತದೆ. ದಾರ ಎಳೆದರೆ 1,800 ಕಿಲೋಮೀಟರ್. ದಿನಕ್ಕೆ ಇಪ್ಪತ್ತು ಕಿಲೋಮೀಟರಿನಂತೆ ನೆಟ್ಟಗೆ ನಡೆದರೂ ಮೂರು ತಿಂಗಳು. ಹಾಗೆ ಬಂದವರು ಹೊರಟ ದಿನವೇ ಮನೆಗೆ ವಿದಾಯ ಹೇಳಿ ಬಂದಿರುತ್ತಿದ್ದರು. ನಾವು ಹದಿನೇಳು ಗಂಟೆಯ ದಾರಿ ಎಂದುಕೊಂಡು ವಿದಾಯ ಹೇಳುವುದನ್ನು ಮರೆಯುತ್ತೇವೆ.

ಈಗ ನಿಮ್ಮ ಹೊಲಕ್ಕೆ ಬರುತ್ತೇನೆ. ಆ ಗಾಳಿಯ ನದಿ ಚಳಿಗಾಲದಲ್ಲಿ ಹಿಮಾಲಯದ ದಕ್ಷಿಣಕ್ಕೆ, ಉತ್ತರ ಭಾರತದ ನೆತ್ತಿಯ ಮೇಲೆ ಹರಿಯುತ್ತದೆ. ಆ ತಿಂಗಳುಗಳಲ್ಲಿ ದಿಲ್ಲಿಯಿಂದ ಪೂರ್ವಕ್ಕೆ ಹೋಗುವ ವಿಮಾನ ಬೇಗ ಮುಟ್ಟುತ್ತದೆ, ಪಶ್ಚಿಮಕ್ಕೆ ಹೋಗುವುದು ತಡವಾಗುತ್ತದೆ. ಬೇಸಿಗೆ ಬಲಿತಂತೆ ಟಿಬೆಟ್ಟಿನ ಎತ್ತರದ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿಯೂ ಕಾಯುತ್ತದೆ. ಜೂನ್ ಆರಂಭದ ಹೊತ್ತಿಗೆ ಈ ನದಿ ಹಿಮಾಲಯದ ದಕ್ಷಿಣವನ್ನು ಬಿಟ್ಟು ಟಿಬೆಟ್ಟಿನ ಉತ್ತರಕ್ಕೆ ಸರಿಯುತ್ತದೆ. ಆಗಲೇ ನಮ್ಮ ದಕ್ಷಿಣ ಭಾರತದ ಮೇಲೆ, ಇನ್ನೂ ಎತ್ತರದಲ್ಲಿ, ಸುಮಾರು 14ರಿಂದ 16 ಕಿಲೋಮೀಟರ್ ಮೇಲೆ, ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಮತ್ತೊಂದು ಜೆಟ್ ಪ್ರವಾಹ ಕಟ್ಟಿಕೊಳ್ಳುತ್ತದೆ. ಇದನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ನಮ್ಮವರೇ ಆದ ಪಿ. ಕೋಟೇಶ್ವರಂ, ಮುಂದೆ ಅವರು ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದರು. ಕೆಳಗೆ ಸಮುದ್ರದಿಂದ ನೈಋತ್ಯದ ತೇವದ ಗಾಳಿ ಒಳಗೆ ಬರುತ್ತದೆ, ಮೇಲೆ ಪೂರ್ವದ ಗಾಳಿ ಹೊರಗೆ ಸಾಗಿಸುತ್ತದೆ. ಒಲೆಗೆ ಕೆಳಗಿನಿಂದ ಗಾಳಿ ಬರಬೇಕಾದರೆ ಮೇಲೆ ಹೊಗೆಗಂಡಿ ತೆರೆದಿರಬೇಕು. ಆ ಗಂಡಿ ತೆರೆಯುವ ಹೊತ್ತಿಗೆ ಮಳೆ ಬರುತ್ತದೆ.

ಹೀಗಾಗಿ ಯಾವುದೋ ವಿಮಾನ ದಿಲ್ಲಿಗೆ ತಡವಾಗಿ ಬಂತೆಂಬುದಕ್ಕೂ, ನೀವು ಹೆಸರು, ಉದ್ದು ಬಿತ್ತಲು ಮಿರಗ ಕಾಯುತ್ತ ಕುಳಿತಿರುವುದಕ್ಕೂ, ಘಟ್ಟದ ಮೇಲೆ ನಾವು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸಲು ಆಕಾಶ ನೋಡುತ್ತ ಪರದಾಡುವುದಕ್ಕೂ ಮೇಲೆ ಒಂದೇ ಗಡಿಯಾರವಿದೆ. ನಿಮಗೆ ಮಳೆ ಬೇಗ ಬರಬೇಕು, ನಮಗೆ ಮದ್ದು ಹೊಡೆಯುವವರೆಗೆ ನಾಲ್ಕು ದಿನ ತಡವಾಗಬೇಕು. ಈ ವಿಷಯದಲ್ಲಿ ಮಾತ್ರ ಬೀದರಿಗೂ ಮಲೆನಾಡಿಗೂ ಜಗಳ.

ಆ ಗಡಿಯಾರ ಈಗ ಸರಿಯಾಗಿ ನಡೆಯುತ್ತಿಲ್ಲ ಎಂಬುದನ್ನು ವಿಜ್ಞಾನಿಗಳು ಅಳೆದು ಹೇಳುತ್ತಿದ್ದಾರೆ. ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಉತ್ತರ ಅಟ್ಲಾಂಟಿಕ್‌ನ ಒಂದು ಸಾಮಾನ್ಯ ಜಾಗದಲ್ಲಿ ಮೋಡವಿಲ್ಲದ ಆಕಾಶದ ತೀವ್ರ ಕುಲುಕಾಟ 1979ರಲ್ಲಿ ವರ್ಷಕ್ಕೆ 17.7 ಗಂಟೆ ಇದ್ದದ್ದು 2020ಕ್ಕೆ 27.4 ಗಂಟೆಯಾಗಿದೆ, ಅಂದರೆ ಶೇಕಡಾ 55ರಷ್ಟು ಹೆಚ್ಚಳ. ಇಲ್ಲಿ ನೆಲದ ಕಡೆ ನೋಡಿದರೆ, ಮಧ್ಯ ಭಾರತದಲ್ಲಿ ವ್ಯಾಪಕವಾಗಿ ಸುರಿಯುವ ಅತಿಮಳೆಯ ಪ್ರಸಂಗಗಳು 1950ರಿಂದ 2015ರವರೆಗೆ ಮೂರು ಪಟ್ಟಾದವೆಂದು ಪುಣೆಯ ವಿಜ್ಞಾನಿಗಳು 2017ರಲ್ಲಿ ತೋರಿಸಿಕೊಟ್ಟರು. 2025ರ ಮುಂಗಾರಿನಲ್ಲಿ ನಿಮ್ಮ ತೊಗರಿ, ಸೋಯಾ ಹೊಲಗಳು ನೀರು ನಿಂತು ಹೇಗಾದವೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಇಂದು ಬೆಳಿಗ್ಗೆ ನೋಡಿದ ಬೇರುಗಳಿಗೂ ನಿಂತ ನೀರಿಗೂ ಸಂಬಂಧವಿದೆ. ಆದರೆ ಒಂದು ಮಳೆಯನ್ನು ತಂದು ಒಂದು ವಿಮಾನದ ಖಾತೆಗೆ ಬರೆಯಲು ಬರುವುದಿಲ್ಲ, ವಿಜ್ಞಾನಿಯಾದವನು ಹಾಗೆ ಹೇಳಲೂಬಾರದು.

ಬರೆಯಲು ಬರುವ ಖಾತೆ ಬೇರೆಯಿದೆ. ಆ 2021ರ ಬೆಂಗಳೂರು ವಿಮಾನದಲ್ಲಿ 238 ಆಸನಗಳಿದ್ದವು. ಅಷ್ಟು ದೂರಕ್ಕೆ ಅಂಥ ವಿಮಾನ ಸುಡುವ ಇಂಧನ ನೂರು ಟನ್ನಿಗೂ ಹೆಚ್ಚು. ದೂರ ಹೆಚ್ಚಿದಷ್ಟೂ ಇಂಧನ ಹೊರಬೇಕು, ಆ ಇಂಧನದ ಭಾರ ಹೊರಲು ಮತ್ತೆ ಇಂಧನ ಸುಡಬೇಕು. ಕಬ್ಬಿನ ಬಂಡಿಯ ಎತ್ತು ತನ್ನ ಮೇವನ್ನೂ ಬಂಡಿಯಲ್ಲೇ ಹೇರಿಕೊಂಡು ಎಳೆಯುವ ಹಾಗೆ. ಒಂದು ಟನ್ ವಿಮಾನದ ಸೀಮೆಎಣ್ಣೆ ಉರಿದರೆ 3.16 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಎಣ್ಣೆಗಿಂತ ಹೊಗೆ ಹೆಚ್ಚು ತೂಗುವುದು ಹೇಗೆ ಎಂದು ಕೇಳಬೇಡಿ. ಉರಿಯುವಾಗ ಅದು ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಳ್ಳುತ್ತದೆ. ನೂರು ಟನ್ನೆಂದೇ ಹಿಡಿದರೂ 316 ಟನ್. ಎಲ್ಲ ಆಸನ ತುಂಬಿದ್ದರೆ ತಲೆಗೆ ಒಂದೂ ಕಾಲು ಟನ್ನಿಗೂ ಮೇಲೆ, ಹೋಗಿ ಬಂದರೆ ಎರಡೂವರೆ ಟನ್ ದಾಟುತ್ತದೆ. ಭಾರತದಲ್ಲಿ ಒಬ್ಬ ಮನುಷ್ಯನ ಒಂದು ವರ್ಷದ ಸರಾಸರಿ ಲೆಕ್ಕ ಸುಮಾರು ಎರಡು ಟನ್. ದುಬಲಗುಂಡಿಯ ರೈತನದು ಅದಕ್ಕಿಂತ ಎಷ್ಟೋ ಕಡಿಮೆ ಇರಬೇಕು. ನೀವು ಪಂಪಿಗೆ ಸುಡುವ ವಿದ್ಯುತ್ತು, ಹೊಲಕ್ಕೆ ಸುರಿಯುವ ಯೂರಿಯಾ ಸೇರಿಸಿದರೂ.

ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ವಿಮಾನಗಳ ಪಾಲು ಶೇಕಡಾ ಎರಡೂವರೆಯಷ್ಟು. ಅದು ಸಣ್ಣದೆಂದು ವಿಮಾನ ಕಂಪನಿಯವರು ಹೇಳುತ್ತಾರೆ, ಸಣ್ಣದೇ ಹೌದು. ವಿಮಾನಗಳು ಎತ್ತರದಲ್ಲಿ ಬಿಟ್ಟುಹೋಗುವ ಬಿಳಿಯ ಗೆರೆ ಮೋಡಗಳೂ ಶಾಖವನ್ನು ಹಿಡಿದಿಡುತ್ತವೆ ಎಂಬುದನ್ನು ಅವರು ಅಷ್ಟು ಬೇಗ ಹೇಳುವುದಿಲ್ಲ. ಹಾರುವವರ ಸಂಖ್ಯೆಯೂ ಸಣ್ಣದೇ. 2018ರಲ್ಲಿ ಜಗತ್ತಿನ ಜನರಲ್ಲಿ ವಿಮಾನ ಹತ್ತಿದವರು ಶೇಕಡಾ 11; ಹೊರದೇಶಕ್ಕೆ ಹಾರಿದವರು ಹೆಚ್ಚೆಂದರೆ ಶೇಕಡಾ 4; ಪ್ರಯಾಣಿಕ ವಿಮಾನಗಳ ಅರ್ಧದಷ್ಟು ಹೊಗೆಗೆ ಕಾರಣರಾದವರು ಶೇಕಡಾ ಒಂದರಷ್ಟು ಜನ. ಇಲ್ಲಿ ಕುಳಿತವರಲ್ಲಿ ವಿಮಾನ ಹತ್ತಿದವರು ಕೈ ಎತ್ತಿ ಎಂದು ಬೆಳಿಗ್ಗೆ ಕೇಳಿದ್ದೆ. ಎದ್ದ ಕೈ ಮೂರು, ಅದರಲ್ಲೊಂದು ನನ್ನದು.

ಹಾಗಾದರೆ ಬೀದರಿಗೆ ವಿಮಾನ ಬೇಡವೇ ಎಂದು ಕೇಳುತ್ತೀರಿ. ಹೃದಯದ ಕಾಯಿಲೆಯವನನ್ನು ಬೆಂಗಳೂರಿಗೆ ಸಾಗಿಸುವವರು ಬೇಡ ಎನ್ನಲಾರರು, ನಾನೂ ಎನ್ನಲಾರೆ. ಆದರೆ 520 ಕಿಲೋಮೀಟರಿಗೆ ಚೆನ್ನಾದ ರಾತ್ರಿ ರೈಲು ಇದ್ದರೆ ಬಹುಪಾಲು ಜನಕ್ಕೆ ವಿಮಾನದ ಅಗತ್ಯವೇ ಬೀಳದು, 13,993 ಕಿಲೋಮೀಟರಿಗೆ ರೈಲು ಹಾಕಲು ಬರುವುದಿಲ್ಲ. ಹತ್ತಿರದ ಹಾರಾಟವನ್ನು ರೈಲಿಗೆ ಬಿಟ್ಟುಕೊಡಬೇಕು, ದೂರದ ಹಾರಾಟವನ್ನು ಅಳೆದು ಹಾರಬೇಕು. ವರ್ಷಕ್ಕೆ ನಾಲ್ಕು ಸಲ ಸಭೆಗೆಂದು ಸಾಗರ ದಾಟುವ ನನ್ನ ಸಹೋದ್ಯೋಗಿಗಳಿಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ. ನನ್ನ ತಮ್ಮನಿಗೆ ಹೇಳಿಲ್ಲ. ತಾಯಿಯನ್ನು ನೋಡಲು ಬರುವವನಿಗೆ ಟನ್ನಿನ ಲೆಕ್ಕ ಹೇಳುವ ಬಾಯಿ ನನಗಿಲ್ಲ.

ಬೆಳಿಗ್ಗೆ ಪ್ರಶ್ನೆ ಕೇಳಿದ ಹುಡುಗ ಎಲ್ಲಿದ್ದಾನೆ? ಅಲ್ಲಿ, ಕಂಬದ ಹತ್ತಿರ. ನಿನ್ನ ನೋಟುಪುಸ್ತಕದಲ್ಲಿ ದೂರದ ಮುಂದೆ 13,993 ಎಂದು ಮಸಿಯಲ್ಲಿ ಬರೆದುಕೋ. ಹೊತ್ತನ್ನು ಸೀಸದ ಕಡ್ಡಿಯಲ್ಲಿ ಬರೆ. ಮುಂದಿನ ಜೂನ್ ತಿಂಗಳಿನಲ್ಲಿ ನಿಮ್ಮ ಹೊಲಕ್ಕೆ ಮೊದಲ ಹದಮಳೆ ಬಿದ್ದ ತಾರೀಖನ್ನು ಅದರ ಪಕ್ಕದಲ್ಲಿ ಬರೆದು ನನಗೊಂದು ಕಾಗದ ಹಾಕು. ನಾನು ನಮ್ಮೂರಿನ ತಾರೀಖನ್ನು ಬರೆದು ಕಳಿಸುತ್ತೇನೆ. ಕೆಲವು ವರ್ಷ ಹಾಗೆ ಕೂಡಿಹಾಕೋಣ.

ನನ್ನ ಬಸ್ಸಿಗೆ ಇನ್ನು ಮುಕ್ಕಾಲು ಗಂಟೆಯಿದೆ. ಸೊರಗು ರೋಗದ ಬಗ್ಗೆ ಕೇಳುವುದಿದ್ದರೆ ಈಗ ಕೇಳಿ.